8 ಜಿಬಿ ರ‍್ಯಾಮ್ ಇದ್ದರೂ ಲಿನಕ್ಸ್ 7.2 ತೋರಿಸುವುದೇಕೆ?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ‍್ಯಾಮ್ ಇದೆ. ‘ಡಿಎಂಐಡಿಕೋಡ್’ ಕಮಾಂಡ್ 8 ಎಂದೇ ಹೇಳುತ್ತದೆ, ‘ಫ್ರೀ’ ಕಮಾಂಡ್ ಒಟ್ಟು 7.2 ಎನ್ನುತ್ತದೆ. ಎರಡೂ ಲೆಕ್ಕ ಫರ್ಮ್‌ವೇರ್‌ನಿಂದಲೇ (ಯಂತ್ರ ಚಾಲೂ ಆದಾಗ ಮೊದಲು ಓಡುವ, ಬೋರ್ಡ್‌ನಲ್ಲೇ ಇರುವ ತಂತ್ರಾಂಶ) ಬರುವುದಾದರೆ ಈ ವ್ಯತ್ಯಾಸ ಏಕೆ? ರ‍್ಯಾಮ್ ಹಾಳಾಗಿದೆಯೇ?

ಉತ್ತರ: ರ‍್ಯಾಮ್ ಹಾಳಾಗಿಲ್ಲ. ಎರಡಕ್ಕೂ ಮೂಲ ಫರ್ಮ್‌ವೇರೇ, ಆದರೆ ಕೋಷ್ಟಕಗಳು ಬೇರೆ. ಡಿಎಂಐಡಿಕೋಡ್ ಓದುವುದು ಎಸ್‌ಎಂಬಯಾಸ್ ಎಂಬ ಯಂತ್ರಾಂಶ ವಿವರಗಳ ಕೋಷ್ಟಕವನ್ನು. ಯಾವ ಸ್ಲಾಟ್‌ನಲ್ಲಿ ಎಷ್ಟು ಜಿಬಿ, ಎಷ್ಟು ವೇಗ, ಯಾರ ತಯಾರಿಕೆ ಎಂಬ ವಿವರ ಅಲ್ಲಿರುತ್ತದೆ. ಮೆಮೊರಿ ಹಂಚುವಾಗ ಕರ್ನಲ್ (ಲಿನಕ್ಸ್‌ನ ತಿರುಳು) ಅದನ್ನು ನೆಚ್ಚುವುದಿಲ್ಲ.

ಕರ್ನಲ್‌ಗೆ ಬೇಕಾದದ್ದು ಮೆಮೊರಿ ಮ್ಯಾಪ್: ಯಾವ ವಿಳಾಸದಿಂದ ಎಲ್ಲಿಯವರೆಗೆ ಬಳಸಬಹುದು, ಎಲ್ಲಿ ಕೈ ಹಾಕಬಾರದು ಎಂಬ ಪಟ್ಟಿ. ಹಳೆಯ ಫರ್ಮ್‌ವೇರ್ ಆದ ಬಯಾಸ್‌ನಲ್ಲಿ ಇದು ‘ಇ820’ ಕರೆಯಿಂದ ಸಿಗುತ್ತದೆ. ಪ್ರತಿ ನಮೂದಿಗೆ 20 ಬೈಟ್: ಆರಂಭದ ವಿಳಾಸಕ್ಕೆ 8, ಉದ್ದಕ್ಕೆ 8, ಬಗೆಗೆ 4. ಬಗೆ 1 ಎಂದರೆ ಬಳಸಬಹುದು, 2 ಎಂದರೆ ಕಾಯ್ದಿರಿಸಿದ್ದು. ಬಯಾಸ್‌ನ ಬದಲಿಗೆ ಬಂದ ಯುಇಎಫ್‌ಐಯಲ್ಲಿ ‘ಗೆಟ್‌ಮೆಮೊರಿಮ್ಯಾಪ್’ ಇದೇ ಕೆಲಸ ಮಾಡುತ್ತದೆ. ಪಿಸಿಗಳಲ್ಲಿ ಲಿನಕ್ಸ್ ಅದನ್ನೂ ಇ820 ರೂಪಕ್ಕೇ ತರುವುದರಿಂದ, ಯುಇಎಫ್‌ಐ ಯಂತ್ರದ ಬೂಟ್ ಲಾಗ್‌ನಲ್ಲೂ ‘ಬಯಾಸ್-ಇ820’ ಎಂದೇ ಕಾಣುತ್ತದೆ. ಗೊಂದಲ ಬೇಡ.

ಕಡಿಮೆಯಾದ ಪಾಲಿನಲ್ಲಿ ದೊಡ್ಡದು ಸಾಮಾನ್ಯವಾಗಿ ಒಳಗೇ ಇರುವ ಗ್ರಾಫಿಕ್ಸ್‌ನದು. ಅದಕ್ಕೆ 512 ಎಂಬಿ ಕೊಟ್ಟಿದ್ದರೆ ಅಷ್ಟೂ ಮ್ಯಾಪ್‌ನಲ್ಲೇ ಕಾಯ್ದಿರಿಸಿದ್ದಾಗಿ ಬರುತ್ತದೆ. ಎಸಿಪಿಐ (ವಿದ್ಯುತ್ ಮತ್ತು ಯಂತ್ರಾಂಶ ನಿರ್ವಹಣೆಯ) ಕೋಷ್ಟಕಗಳಿಗೆ, ಫರ್ಮ್‌ವೇರ್‌ನ ಸ್ವಂತ ಕೋಡ್‌ಗೆ ಇನ್ನಷ್ಟು. ಉಳಿದದ್ದರಲ್ಲಿ ಕರ್ನಲ್ ತನ್ನ ಪಾಲು ತೆಗೆಯುತ್ತದೆ: ಮೆಮೊರಿಯನ್ನು 4 ಕೆಬಿಯ ‘ಪುಟ’ಗಳಾಗಿ ಭಾಗಿಸಿ ಪ್ರತಿ ಪುಟಕ್ಕೂ 64 ಬೈಟ್‌ನ ದಾಖಲೆ ಇಡುತ್ತದೆ. 8 ಜಿಬಿಗೆ 20,97,152 ಪುಟಗಳು, ಅಂದರೆ ದಾಖಲೆಗೇ 128 ಎಂಬಿ. ಫ್ರೀ ತೋರಿಸುವ ಒಟ್ಟು ಮೊತ್ತದಲ್ಲಿ ಇದು ಸೇರುವುದಿಲ್ಲ.

ನಿಮ್ಮ ಯಂತ್ರದ ಲೆಕ್ಕ ನೋಡಲು ‘ಸಿಸ್’ ಕೆಳಗಿನ ‘ಫರ್ಮ್‌ವೇರ್’, ಅದರೊಳಗಿನ ‘ಮೆಮ್‌ಮ್ಯಾಪ್’ ಫೋಲ್ಡರ್ ತೆರೆಯಿರಿ. ಪ್ರತಿ ನಮೂದಿಗೂ ‘ಸ್ಟಾರ್ಟ್’, ‘ಎಂಡ್’, ‘ಟೈಪ್’ ಎಂಬ ಮೂರು ಫೈಲ್ ಇರುತ್ತವೆ. ಕರ್ನಲ್ ತಿದ್ದುವ ಮೊದಲು ಫರ್ಮ್‌ವೇರ್ ಕೊಟ್ಟ ಪಟ್ಟಿಯೇ ಇದು. ‘ಸಿಸ್ಟಂ ರ‍್ಯಾಮ್’ ಎಂದಿರುವವನ್ನಷ್ಟೇ ಕೂಡಿಸಿ. ಮೊತ್ತವೇ ಕಡಿಮೆಯಿದ್ದರೆ ಫರ್ಮ್‌ವೇರ್ ಸೆಟಪ್‌ನಲ್ಲಿ ಗ್ರಾಫಿಕ್ಸ್ ಮೆಮೊರಿಯ ಆಯ್ಕೆ ಇದೆಯೇ ನೋಡಿ. ಅದು ‘ಯುಎಂಎ ಫ್ರೇಮ್ ಬಫರ್’ ಅಥವಾ ‘ಡಿವಿಎಂಟಿ’ ಹೆಸರಿನಲ್ಲಿರಬಹುದು. ಮೊತ್ತ ಸರಿಯಿದ್ದು ಫ್ರೀ ಮಾತ್ರ ತೀರಾ ಕಡಿಮೆ ತೋರಿಸಿದರೆ, ಬೂಟ್ ಕಮಾಂಡ್ ಸಾಲಿನಲ್ಲಿ ‘ಮೆಮ್’ (ಮೆಮೊರಿಗೆ ಮಿತಿ) ಅಥವಾ ‘ಕ್ರ್ಯಾಶ್‌ಕರ್ನಲ್’ (ಕರ್ನಲ್ ಕುಸಿದಾಗ ಬಳಸಲು ಕಾಯ್ದಿರಿಸುವ ಮೆಮೊರಿ) ಸೇರಿದೆಯೇ ಪರೀಕ್ಷಿಸಿ. ಮಾಡ್ಯೂಲ್ ಹಾಕಿರುವ ಸ್ಲಾಟ್ ಡಿಎಂಐಡಿಕೋಡ್‌ನಲ್ಲೇ ಖಾಲಿ ಎಂದು ಬಂದರೆ ಮಾತ್ರ ಮಾಡ್ಯೂಲ್ ತೆಗೆದು ಸರಿಯಾಗಿ ಕೂರಿಸಬೇಕು.