ಸಿಇಎ 18 ಬಂದಿದೆ, ಅಪ್ಪ ಎಷ್ಟು ದಿನ ಇರ್ತಾರೆ?

ಪ್ರಶ್ನೆ: ಅಪ್ಪನಿಗೆ 62 ವರ್ಷ, ಜಠರದ ಕ್ಯಾನ್ಸರ್. ಆಪರೇಷನ್‌ಗೆ ಮುಂಚಿನ ರಕ್ತಪರೀಕ್ಷೆಯಲ್ಲಿ ಸಿಇಎ 18 ಇದೆ, ಸಿಎ 19-9 ನಾರ್ಮಲ್. ಎಷ್ಟು ದಿನ ಬದುಕುತ್ತಾರೆ ಅಂತ ಇದರಿಂದ ಹೇಳಬಹುದಾ?

ಹೇಳಕ್ಕಾಗಲ್ಲ. ಸಿಇಎ, ಸಿಎ 19-9 ಅಂದ್ರೆ ಕೆಲವು ಕ್ಯಾನ್ಸರ್‌ಗಳಲ್ಲಿ ರಕ್ತದಲ್ಲಿ ಏರುವ ವಸ್ತುಗಳು, ಟ್ಯೂಮರ್ ಮಾರ್ಕರ್ ಅಂತಾರೆ. ಇಂಥ ಪತ್ರ ಬರದ ವಾರವೇ ಇಲ್ಲ. ರಿಪೋರ್ಟಿನ ದಪ್ಪಕ್ಷರದ ಅಂಕಿಗೆ ಪೆನ್ನಿನಲ್ಲಿ ಸುತ್ತು ಹಾಕಿ ಫೋಟೊ ಕಳಿಸುತ್ತಾರೆ. ಸಿಟಿ ಸ್ಕ್ಯಾನ್, ಬಯಾಪ್ಸಿ ರಿಪೋರ್ಟು ಮಾತ್ರ ಯಾರೂ ಕಳಿಸಲ್ಲ. ಗೆಡ್ಡೆ ಜಠರದ ಗೋಡೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ, ಎಷ್ಟು ಲಿಂಫ್ ಗಂಟುಗಳಿಗೆ ಹೋಗಿದೆ, ಲಿವರ್‌ಗೆ ಹರಡಿದೆಯಾ, ಆಯಸ್ಸಿನ ಲೆಕ್ಕ ಇರುವುದು ಅಲ್ಲಿ.

ಸಿಇಎ ಸಾಮಾನ್ಯವಾಗಿ 5ರೊಳಗೆ ಇರಬೇಕು. ಆಪರೇಷನ್‌ಗೆ ಮೊದಲೇ ಏರಿದ್ದವರಿಗೆ ಒಟ್ಟಾರೆ ಕಷ್ಟ ಜಾಸ್ತಿ, ನಿಜ. ಆದರೆ ಅದು ನೂರಾರು ರೋಗಿಗಳ ಲೆಕ್ಕ. ನಿಮ್ಮಪ್ಪನ ಜಾತಕ ಅಂದುಕೊಳ್ಳಬೇಡಿ. ಅವರು ಬೀಡಿ ಸೇದ್ತಾರಾ? ಬರೆದಿಲ್ಲ. ಸೇದುವವರಲ್ಲೂ ಸಿಇಎ ತುಸು ಏರಿರುತ್ತದೆ. ಸಿಎ 19-9 ನಾರ್ಮಲ್ ಅಂತ ಹಿಗ್ಗುವುದೂ ಬೇಡ. ನೂರರಲ್ಲಿ 5ರಿಂದ 10 ಜನರ ಮೈಯಲ್ಲಿ ಅದು ತಯಾರಾಗುವುದೇ ಇಲ್ಲ. ಪಿತ್ತನಾಳ ಕಟ್ಟಿ ಕಾಮಾಲೆಯಾದರೆ ಕ್ಯಾನ್ಸರ್ ಇಲ್ಲದವರಲ್ಲೂ ಅದು ಜಿಗಿಯುತ್ತದೆ!

ನಿಮ್ಮ 18 ಕೆಲಸಕ್ಕೆ ಬರುವುದು ಮುಂದೆ. ಆಪರೇಷನ್ ಆದಮೇಲೆ ಅದು ಇಳಿಯಬೇಕು. ಇಳಿದದ್ದು ಕೆಲವು ತಿಂಗಳ ನಂತರ ಪ್ರತಿ ಸಲವೂ ಏರುತ್ತಿದ್ದರೆ ರೋಗ ಮರಳಿರಬಹುದು, ಆಗ ಸ್ಕ್ಯಾನ್. ಒಂದೇ ಲ್ಯಾಬ್‌ನಲ್ಲಿ ಮಾಡಿಸಿ. ಲ್ಯಾಬ್ ಬದಲಾದರೆ ಅಂಕಿಯೂ ಬದಲಾಗಬಹುದು, ಸುಮ್ನೆ ಗಾಬರಿ.

ಡಾಕ್ಟರನ್ನು ಕೇಳಬೇಕಾದ್ದು ಬೇರೆ: ಬಯಾಪ್ಸಿ ತುಣುಕಿನಲ್ಲಿ ಹರ್-2 (ಗೆಡ್ಡೆಯ ಕೋಶದ ಮೇಲಿನ ಒಂದು ಪ್ರೋಟೀನ್), ಎಂಎಸ್‌ಐ (ಕೋಶದ ಡಿಎನ್‌ಎ ದುರಸ್ತಿ ಕೆಟ್ಟಿರುವುದರ ಗುರುತು) ನೋಡಿದ್ರಾ? ಔಷಧಿಯನ್ನೇ ಬದಲಿಸುವ ಮಾರ್ಕರ್‌ಗಳು ಅವು. 2010ರ ಟೋಗಾ ಅಧ್ಯಯನದಲ್ಲಿ, ಕೈಮೀರಿದ ಹರ್-2 ಪಾಸಿಟಿವ್ ಕ್ಯಾನ್ಸರ್‌ಗೆ ಕೀಮೋ ಜೊತೆ ಹರ್-2 ಅನ್ನು ತಡೆಯುವ ಟ್ರಾಸ್ಟುಜುಮ್ಯಾಬ್ ಔಷಧಿ ಕೊಟ್ಟಾಗ, ಅರ್ಧದಷ್ಟು ರೋಗಿಗಳು ಬದುಕಿ ದಾಟಿದ ಅವಧಿ 11.1 ತಿಂಗಳಿಂದ 13.8ಕ್ಕೆ ಏರಿತು. ಸಣ್ಣ ಲಾಭ ಅನ್ನಿಸುತ್ತೆ, ಅಲ್ವಾ? ಮನೆಯವರನ್ನು ಕೇಳಿ ನೋಡಿ.

ಪ್ರಶ್ನೆ: ಲಕ್ಷ್ಮಣಫಲದ ಎಲೆ ಕಷಾಯ ಕುಡಿದರೆ ಸಿಇಎ ಇಳಿಯುತ್ತಾ?

ಇಳಿದ ಪುರಾವೆ ಇಲ್ಲ. ಅಂಕಿ ಇಳಿಸ್ತೀವಿ ಅನ್ನೋ ಪಂಡಿತರ ಹತ್ತಿರ ತಿಂಗಳುಗಟ್ಟಲೆ ಕಳೆದು ಬಂದವರನ್ನು ನೋಡಿದ್ದೇನೆ. ಬರುವ ಹೊತ್ತಿಗೆ ಹೊಟ್ಟೆಯಲ್ಲಿ ನೀರು ತುಂಬಿರುತ್ತದೆ.

ಪ್ರಶ್ನೆ: ಮೂರು ತಿಂಗಳಿಂದ ಗ್ಯಾಸ್, ತೂಕವೂ ಇಳಿದಿದೆ. ಟ್ಯೂಮರ್ ಮಾರ್ಕರ್ ಪ್ಯಾಕೇಜ್ ಮಾಡಿಸಲಾ?

ಬೇಡ. ಈ ವಾರವೇ ಎಂಡೋಸ್ಕೋಪಿ ಮಾಡಿಸಿ.

ಪ್ರಶ್ನೆ: ಸಿಇಎ ಟೆಸ್ಟ್‌ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ?

ತಿಂಡಿ ತಿಂದೇ ಹೋಗಿ.