ನೋಡದೇ ಬರೆದ 20.9

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ನನ್ನ ಬಳಿ ಆಪ್ತಸಮಾಲೋಚನೆಗೆ ಬಂದ ಇವರು ಹಡಗಿನ ಕಿರಿಯ ಅಧಿಕಾರಿ; ಇಲ್ಲಿ ಅವರ ಹುದ್ದೆಯ ಹೆಸರಿನಿಂದ ಥರ್ಡ್ ಮೇಟ್ ಎಂದೇ ಕರೆಯುತ್ತೇನೆ.

ಕರಾವಳಿಯ ಹುಡುಗ, ವಯಸ್ಸು 26. ರಜೆಗೆ ಬಂದು ಎರಡು ತಿಂಗಳಾಗಿತ್ತು. ಮತ್ತೆ ಸೈನ್ ಆನ್ ಮಾಡಲು, ಅಂದರೆ ಹಡಗು ಹತ್ತಲು, ಕಂಪನಿಯಿಂದ ಫೋನ್ ಬಂದರೆ ಮೊಬೈಲ್ ಮಗುಚಿ ಇಡುತ್ತಿದ್ದರು. ರಾತ್ರಿ ಮೂರಕ್ಕೆ ಎಚ್ಚರ. ಹಡಗಿನಲ್ಲಿ ರಾತ್ರಿ ಪಾಳಿ (ವಾಚ್) ಮಾಡಿ ಅಭ್ಯಾಸ ಆಗಿರಬೇಕು ಎಂದು ತಾಯಿ ಸುಮ್ಮನಿದ್ದರಂತೆ.

ಮೊದಲ ಭೇಟಿಯಲ್ಲಿ ಸಾಲ, ಮದುವೆ ಎಂದೆಲ್ಲ ಮಾತಾಡಿದರು. ಎರಡನೆಯದರಲ್ಲಿ ವಿಷಯ ಹೊರಬಂತು. ಹಡಗು ಬಂದರು ಬಿಡುವ ಅವಸರ. ಹಡಗಿನ ಸಮತೋಲಕ್ಕೆ ನೀರು ತುಂಬುವ ಬ್ಯಾಲಸ್ಟ್ ಟ್ಯಾಂಕ್‌ಗೆ ಒಬ್ಬರು ಇಳಿಯಬೇಕಿತ್ತು. "ನಿನ್ನೆ ತಾನೆ ನೋಡಿದ್ದೀವಲ್ಲ, ಬರೆದುಬಿಡು" ಎಂದರು ಇವರ ಮೇಲಧಿಕಾರಿ ಚೀಫ್ ಆಫೀಸರ್. ಇವರು ಆಮ್ಲಜನಕ ಅಳೆಯುವ ಮೀಟರ್ ಇಳಿಸದೇ, ಒಳಗಿಳಿಯಲು ಬೇಕಾದ ಪರ್ಮಿಟ್‌ನಲ್ಲಿ ಆಮ್ಲಜನಕ ಶೇ. 20.9, ಅಂದರೆ ಹೊರಗಿನ ಗಾಳಿಯಲ್ಲಿರುವಷ್ಟೇ, ಎಂದು ಬರೆದು ಸಹಿ ಹಾಕಿದರು. ಇಳಿದ ನಾವಿಕ ಏಣಿಯ ಬುಡದಲ್ಲೇ ಕುಸಿದ. ನಾವಿಕರ ಮೇಸ್ತ್ರಿ ಬೋಸನ್ ಉಸಿರಾಟದ ಸೆಟ್ ಕಟ್ಟಿಕೊಂಡು ಇಳಿದು ಮೇಲೆತ್ತಿಸಿದರು. ಜೀವ ಉಳಿಯಿತು.

ಮುಚ್ಚಿದ ಟ್ಯಾಂಕ್‌ನಲ್ಲಿ ಕಬ್ಬಿಣ ತುಕ್ಕು ಹಿಡಿಯುತ್ತಾ ಆಮ್ಲಜನಕವನ್ನು ತಿಂದುಹಾಕುತ್ತದೆ. ಮೂಗಿಗೆ ಏನೂ ಗೊತ್ತಾಗುವುದಿಲ್ಲ. ಹಳೇ ಬಾವಿಗೆ ಇಳಿದವರ ಹಿಂದೆಯೇ ಎತ್ತಲು ಹೋದವರೂ ಸತ್ತ ಸುದ್ದಿ ಓದಿರುತ್ತೀರಲ್ಲ, ಅಂಥದ್ದೇ.

"ಗೊತ್ತಿದ್ದೂ ಬರೆದೆ ಮೇಡಂ. ನಾನು ಹೇಡಿ."

ಮನೆಯಲ್ಲಿ ತಂದೆಗೆ ಎದುರುತ್ತರ ಕೊಟ್ಟದ್ದು ಯಾವಾಗ ಎಂದು ಕೇಳಿದೆ. ನಕ್ಕರು. ಒಮ್ಮೆಯೂ ಇಲ್ಲ. ಹಡಗಿನಲ್ಲಿ? ಹಿಂದೊಮ್ಮೆ ಊಟದ ಮೇಜಿನಲ್ಲಿ ತರಬೇತಿಯಲ್ಲಿದ್ದ ಕೆಡೆಟ್ ಒಬ್ಬ ಏನೋ ಸಂದೇಹ ಕೇಳಿದ. ಚೀಫ್ ಆಫೀಸರ್ ಗೇಲಿ ಮಾಡಿದರು, ಕ್ಯಾಪ್ಟನ್ ಜೊತೆಗೆ ನಕ್ಕರು. ಆಮೇಲೆ ಆ ಮೇಜಿನಲ್ಲಿ ಯಾರೂ ಏನನ್ನೂ ಕೇಳಲಿಲ್ಲ. ಬಡ್ತಿಗೆ ಬೇಕಾದ ವರದಿ ಬರೆಯುವವರೂ ಇದೇ ಇಬ್ಬರು. ಬಾಯಿ ಮುಚ್ಚಿಕೊಳ್ಳುವುದನ್ನು ಇವರಿಗೆ ಮನೆಯೂ ಕಲಿಸಿತ್ತು, ಹಡಗೂ ಕಲಿಸಿತ್ತು. ಹಾಗಂತ ಸಹಿ ನಿಮ್ಮದಲ್ಲ ಎಂದು ನಾನು ಹೇಳಲಿಲ್ಲ.

ಎಲ್ ಫಾರೊ ಹಡಗಿನ ಕಥೆ ಹೇಳಿದೆ. 2015ರ ಅಕ್ಟೋಬರ್ 1ರಂದು ಅಮೆರಿಕದ ಆ ಹಡಗು ಬಹಾಮಾಸ್ ಬಳಿ ಚಂಡಮಾರುತಕ್ಕೆ ಸಿಕ್ಕಿ ಮುಳುಗಿತು. 33 ಮಂದಿಯೂ ಸತ್ತರು. ಸಮುದ್ರದ ತಳದಿಂದ ತೆಗೆದ ರೆಕಾರ್ಡರ್‌ನಲ್ಲಿ ಬ್ರಿಡ್ಜ್‌ನ (ಹಡಗು ನಡೆಸುವ ಕೋಣೆಯ) ಮಾತು ಉಳಿದಿತ್ತು. ರಾತ್ರಿ ಥರ್ಡ್ ಮೇಟ್ ಕ್ಯಾಪ್ಟನ್‌ಗೆ ಫೋನ್ ಮಾಡಿ ಬಿರುಗಾಳಿ ಎಲ್ಲಿದೆ ಎಂದು ತಿಳಿಸಿದರು. ನಂತರ ಸೆಕೆಂಡ್ ಮೇಟ್ ದಕ್ಷಿಣಕ್ಕೆ ತಿರುಗಬಹುದು ಎಂದು ಸೂಚಿಸಿದರು. ಇಬ್ಬರದೂ ನಯವಾದ ಮಾತು. ಕ್ಯಾಪ್ಟನ್ ದಾರಿ ಬದಲಿಸಲಿಲ್ಲ.

ಬಹಳ ಹೊತ್ತು ಸುಮ್ಮನಿದ್ದು, "ಅವರೂ ಥರ್ಡ್ ಮೇಟ್" ಎಂದರು.

ಧೈರ್ಯ ತಂದುಕೊಳ್ಳಿ ಎನ್ನುವ ಸಲಹೆ ನನಗೆ ಸೇರುವುದಿಲ್ಲ. ಆ ಗಳಿಗೆಗೆ ಬೇಕಾದ್ದು ಸಿದ್ಧವಾದ ಒಂದು ವಾಕ್ಯ. "ಸರ್, ಅಳೆಯದೆ ಸಹಿ ಹಾಕಲಾರೆ. ಐದು ನಿಮಿಷ ಕೊಡಿ, ಮೀಟರ್ ಇಳಿಸಿ ಬರುತ್ತೇನೆ." ನಾನೇ ಚೀಫ್ ಆಫೀಸರ್ ಆಗಿ ಗದರಿದೆ. ಮೊದಲ ಸಲ ದನಿ ಹೊರಡಲಿಲ್ಲ, ಎರಡನೇ ಸಲ ಕೊನೆಗೆ "ಸಾರಿ" ಸೇರಿಸಿದರು. ಏಳನೇ ಸಲ ಸರಿಯಾಯಿತು.

ಕೇಳದಿದ್ದರೆ ಕ್ಯಾಪ್ಟನ್, ಆಮೇಲೆ ಕಂಪನಿಯ ಡಿಪಿಎ. ಸುರಕ್ಷತೆಯ ದೂರು ಕೇಳಲು ದಡದಲ್ಲಿರುವ, ಕಂಪನಿಯ ಮೇಲಿನವರ ಜೊತೆ ನೇರ ಮಾತಾಡಬಲ್ಲ ಅಧಿಕಾರಿ ಅವರು. 1998ರಲ್ಲಿ ಜಾರಿಗೆ ಬಂದ, ಹಡಗುಗಳ ಸುರಕ್ಷತೆಯ ಅಂತರರಾಷ್ಟ್ರೀಯ ನಿಯಮಾವಳಿಯಾದ ಐಎಸ್‌ಎಂ ಸಂಹಿತೆಯಲ್ಲೇ ಈ ವ್ಯವಸ್ಥೆ ಇದೆ. ದೂರು ಕೊಟ್ಟವರನ್ನು ಪೀಡಿಸಬಾರದು ಎಂದು ನಾವಿಕರ ಅಂತರರಾಷ್ಟ್ರೀಯ ಕಾರ್ಮಿಕ ಒಪ್ಪಂದ ಹೇಳುತ್ತದೆ. ಕಾಗದದ ರಕ್ಷಣೆ ಸಾಲುವುದಿಲ್ಲ ಅಲ್ವಾ? ಅದಕ್ಕೇ ದಿನಾಂಕ, ಸಮಯ ಸಮೇತ ಬರೆದಿಟ್ಟುಕೊಳ್ಳಿ ಎಂದೆ. ಹಳೆಯ ಘಟನೆಯನ್ನು ವರದಿ ಮಾಡುವ ಮೊದಲು ಯೂನಿಯನ್‌ನವರ ಜೊತೆ ಮಾತಾಡಿ ಎಂದೆ. ನಿದ್ದೆಗೆ ವೈದ್ಯರ ಬಳಿ ಕಳಿಸಿದೆ.

ಹೊರಡುವಾಗ ಒಂದು ಪ್ರಶ್ನೆ ಕೇಳಿದೆ. "ನಿಮ್ಮ ಕೈಕೆಳಗಿನ ಕೆಡೆಟ್ ಯಾವತ್ತಾದರೂ ನಿಮಗೆ ಬೇಡ ಎಂದಿದ್ದಾನಾ?" ಉತ್ತರ ಬರಲಿಲ್ಲ.

ಐದು ತಿಂಗಳ ಮೇಲೆ ಬೇರೆ ಹಡಗಿನಿಂದ ಮೆಸೇಜ್ ಬಂತು. "ಹೇಳಿದೆ ಮೇಡಂ. ಮೊದಲು ಗದರಿದರು, ಆಮೇಲೆ ಮೀಟರ್ ತರಿಸಿದರು. ಕೆಡೆಟ್ ನೋಡ್ತಾ ನಿಂತಿದ್ದ. ನಿದ್ದೆ ಇನ್ನೂ ಪೂರ್ತಿ ಸರಿಯಾಗಿಲ್ಲ."