ವಿಡಿಯೊ ನೋಡಿ ಕುದುರೆ ತರಿಸಬಹುದಾ?

ಪ್ರಶ್ನೆ: ನಮ್ಮದು ಗೋಣಿಕೊಪ್ಪದ ಹತ್ತಿರ ಕಾಫಿ ತೋಟ. ಮಗಳಿಗೆ 14 ವರ್ಷ. ಬೆಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಕುದುರೆ ಸವಾರಿ ಕಲಿಯುತ್ತಿದ್ದಾಳೆ, ಸಣ್ಣಪುಟ್ಟ ಜಂಪಿಂಗ್ ಸ್ಪರ್ಧೆಗಳಿಗೂ ಹೋಗುತ್ತಾಳೆ. ರೊಬಸ್ಟಾಗೆ ಒಳ್ಳೆ ಬೆಲೆ ಸಿಕ್ಕಿದ್ದರಿಂದ ಅವಳಿಗೊಂದು ಸ್ವಂತ ಕುದುರೆ ಕೊಡಿಸುವ ಮನಸ್ಸಾಗಿದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಒಬ್ಬರ ಹತ್ತಿರ 9 ವರ್ಷದ ವಾರ್ಮ್‌ಬ್ಲಡ್ (ಸವಾರಿ ಸ್ಪರ್ಧೆಗೆಂದು ಬೆಳೆಸುವ ಯುರೋಪಿನ ಜಾತಿ) ಹೆಣ್ಣುಕುದುರೆ ಇದೆ. ವಿಡಿಯೊದಲ್ಲಿ ಎಷ್ಟು ಚೆನ್ನಾಗಿ ಹಾರುತ್ತದೆ ಅಂದರೆ ಮಗಳು ಅದನ್ನೇ ದಿನಾ ನೋಡುತ್ತಿರುತ್ತಾಳೆ. 22 ಸಾವಿರ ಯೂರೊ ಹೇಳಿದ್ದಾರೆ. 20% ಮುಂಗಡ ಕೊಟ್ಟರೆ ಬೇರೆಯವರಿಗೆ ತೋರಿಸುವುದಿಲ್ಲವಂತೆ, ಡಾಕ್ಟರ್ ಸರ್ಟಿಫಿಕೇಟನ್ನೂ ಅವರೇ ಕಳಿಸುತ್ತಾರಂತೆ. ಕೊಯ್ಲಿನ ಸಮಯ, ನಾವು ಹೋಗಿ ನೋಡುವ ಹಾಗಿಲ್ಲ. ಮಗಳು ಮುಂದಿನ ವರ್ಷ ಊರಿಗೇ ಬಂದು ಓದುತ್ತಾಳೆ, ಕುದುರೆ ತೋಟದಲ್ಲೇ ಇರಲಿ ಅಂತ ಆಸೆ. ನೋಡದೇ ತೆಗೆದುಕೊಳ್ಳಬಹುದಾ?

ಉತ್ತರ: ಈಗಲೇ ಮುಂಗಡ ಕಳಿಸಬೇಡಿ. ಮಿಕ್ಕಿದ್ದೆಲ್ಲ ಆಮೇಲೆ.

ಯುರೋಪಿನಲ್ಲಿ ಕುದುರೆಯನ್ನು ನೋಡದೇ ಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ಅಲ್ಲಿ ಅದು ಅಂಥ ದೊಡ್ಡ ಸಾಹಸ ಅಲ್ಲ. ತಂದ ಕುದುರೆ ಹೊಂದಿಕೆಯಾಗಲಿಲ್ಲ ಅಂದರೆ ಲಾರಿ ಹತ್ತಿಸಿ ಪಕ್ಕದ ದೇಶದಲ್ಲಿ ಮಾರುತ್ತಾರೆ, ಒಂದಷ್ಟು ದುಡ್ಡು ಹೋಗುತ್ತದೆ ಅಷ್ಟೆ. ನಿಮಗೆ ಆ ದಾರಿ ಇಲ್ಲ. ನಮ್ಮ ದೇಶದ ಕುದುರೆ, ಕತ್ತೆಗಳಲ್ಲಿ ಗ್ಲ್ಯಾಂಡರ್ಸ್ ಇನ್ನೂ ಕಾಣಿಸಿಕೊಳ್ಳುತ್ತದೆ, ಮನುಷ್ಯರಿಗೂ ಅಂಟುವ ಕೆಟ್ಟ ಬ್ಯಾಕ್ಟೀರಿಯಾ ಕಾಯಿಲೆ ಅದು. ನೊಣ ಕಚ್ಚಿ ಹರಡುವ ಸರ್ರಾ ಇದೆ, ಉಣ್ಣೆ ಹುಳ ಕಚ್ಚಿ ಬರುವ ಪೈರೊಪ್ಲಾಸ್ಮೋಸಿಸ್ ಇದೆ. ಹಾಗಾಗಿ ಇಲ್ಲಿಂದ ಕುದುರೆಯನ್ನು ಯುರೋಪಿಗೆ ವಾಪಸ್ ಕಳಿಸುವುದು ಮಾಮೂಲಿ ಮನೆಯವರ ಕೈಲಾಗುವ ಕೆಲಸವಲ್ಲ. 2025ರಲ್ಲಿ ಮೀರತ್‌ನ ಸೇನೆಯ ಕುದುರೆ ಕೇಂದ್ರಕ್ಕೆ ರೋಗಮುಕ್ತ ಜಾಗ ಅಂತ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿದ್ದು ಅಷ್ಟು ದೊಡ್ಡ ಸುದ್ದಿಯಾಗಿದ್ದು ಇದಕ್ಕೇ. ಇಲ್ಲಿನ ಕುದುರೆ ಹೊರಗಿನ ಸ್ಪರ್ಧೆಗೆ ಹೋಗಲು ಅಲ್ಲಿಂದ ಒಂದು ಬಾಗಿಲು ತೆರೆಯಬಹುದು ಅನ್ನುವ ಆಸೆ. ನಮ್ಮ ದೊಡ್ಡ ಸವಾರರನ್ನೇ ನೋಡಿ. ಬೆಂಗಳೂರಿನ ಫೌಆದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದಿದ್ದು ಜರ್ಮನಿಯಲ್ಲಿದ್ದ ಕುದುರೆಯ ಮೇಲೆ. 2023ರಲ್ಲಿ ಡ್ರೆಸಾಜ್ (ಕುದುರೆಯನ್ನು ಲಯಬದ್ಧವಾಗಿ ನಡೆಸುವ ಸ್ಪರ್ಧೆ) ತಂಡದ ಚಿನ್ನ ತಂದವರೂ ಯುರೋಪಿನಲ್ಲೇ ಇದ್ದು ಅಲ್ಲಿನ ಕುದುರೆಗಳ ಜೊತೆ ತಯಾರಾದವರು. ಅವರು ಕುದುರೆ ಇರುವಲ್ಲಿಗೆ ಹೋದರು, ನೀವು ಕುದುರೆಯನ್ನು ನಿಮ್ಮ ಹತ್ತಿರ ತರುತ್ತಿದ್ದೀರಿ. ಬಂದ ಮೇಲೆ ಸರಿಹೋಗಲಿಲ್ಲ ಅಂದರೆ ಅದು ಬದುಕಿರುವ ತನಕ, ಅಂದರೆ ಇನ್ನೊಂದು 15-20 ವರ್ಷ, ನಿಮ್ಮ ಅಥವಾ ಇಲ್ಲಿನ ಇನ್ಯಾರದ್ದೋ ಜವಾಬ್ದಾರಿ. ಅದಕ್ಕೇ ಯುರೋಪಿನವರು ವಿಡಿಯೊ ನೋಡಿ ಕೊಳ್ಳುತ್ತಾರೆ ಅನ್ನುವ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ವಿಡಿಯೊ ವಿಷಯ. ಮಾರುವವರು ಕಳಿಸುವುದು ಕುದುರೆಯ ಒಳ್ಳೆಯ ದಿನದ ಒಳ್ಳೆಯ ಎರಡು ನಿಮಿಷ. ಅದರಲ್ಲಿ ಮೋಸ ಅಂತೇನಿಲ್ಲ, ಎಲ್ಲರೂ ಹಾಗೇ ಮಾಡುತ್ತಾರೆ. ನೀವು ಕೇಳಬೇಕಾದ್ದು ಬೇರೆ. ಹಿಂದಿನ ದಿನ ಲಾಯದಲ್ಲೇ ನಿಂತಿದ್ದ ಕುದುರೆಯನ್ನು ಹೊರಗೆ ತರುವುದರಿಂದ ಶುರುಮಾಡಿ ಎಲ್ಲೂ ಕತ್ತರಿಸದೆ ಒಂದೇ ಉದ್ದಕ್ಕೆ ತೆಗೆದ ವಿಡಿಯೊ ಕೇಳಿ. ಜೀನಿನ ಪಟ್ಟಿ ಬಿಗಿಯುವ ಗಳಿಗೆಯನ್ನು ನಿಧಾನಕ್ಕೆ ನೋಡಿ: ಕಿವಿ ಹಿಂದಕ್ಕೆ ಒತ್ತಿಕೊಂಡು, ಬಾಲ ಬೀಸಿ, ಕಟ್ಟುವವರ ಕೈ ಕಡೆಗೆ ಹಲ್ಲು ತಿರುಗಿಸಿದರೆ ಬೆನ್ನಲ್ಲೋ ಹೊಟ್ಟೆಯಲ್ಲೋ ಏನೋ ನೋವಿದೆ ಅಂತ ಅನುಮಾನ ಪಡಬೇಕು, ಜಠರದ ಹುಣ್ಣು ಸ್ಪರ್ಧೆಯ ಕುದುರೆಗಳಲ್ಲಿ ತುಂಬಾ ಸಾಮಾನ್ಯ. ಹತ್ತುವಾಗ ನಿಲ್ಲುತ್ತದಾ, ಎಡಕ್ಕೂ ಬಲಕ್ಕೂ ಒಂದೇ ಸಮ ಓಡುತ್ತದಾ, ಬೇರೆ ಕುದುರೆಗಳನ್ನು ಬಿಟ್ಟು ಒಂದೇ ಹೊರಗೆ ಹೋಗುತ್ತದಾ, ಲಾರಿ ಹತ್ತುತ್ತದಾ, ಇವೆಲ್ಲ ಬೇಕು. ಇನ್ನೊಂದು, ವಿಡಿಯೊದಲ್ಲಿ ಸವಾರಿ ಮಾಡುತ್ತಿರುವುದು ಯಾರು? ಉದ್ದ ಕಾಲಿನ, ದಿನಕ್ಕೆ ಏಳೆಂಟು ಕುದುರೆ ಓಡಿಸುವ ವೃತ್ತಿಪರ ಸವಾರ ಕೂತರೆ ಎಂಥ ಕುದುರೆಯೂ ಸುಲಭವಾಗಿ ಕಾಣುತ್ತದೆ. ನಿಮ್ಮ ಮಗಳ ವಯಸ್ಸಿನ, ಅವಳಷ್ಟೇ ಕಲಿತ ಒಂದು ಮಗು ಅದರ ಮೇಲೆ ಕೂತು ತಪ್ಪು ಮಾಡಿದಾಗ ಕುದುರೆ ಏನು ಮಾಡುತ್ತದೆ? ನನಗೆ ಆ ವಿಡಿಯೊ ಒಂದು ಸಿಕ್ಕರೆ ಸಾಕು, ಬೇರೆ ಹತ್ತು ಬೇಡ.

ಆದರೆ ಎಷ್ಟು ವಿಡಿಯೊ ತರಿಸಿದರೂ ನಿಮ್ಮ ಕಡೆಯವರೊಬ್ಬರು ಅದರ ಬೆನ್ನ ಮೇಲೆ ಕೂರಲೇಬೇಕು. ಮಗಳ ಕೋಚ್ ಹೋಗಿ ಬರಲಿ. ಆಗದಿದ್ದರೆ ಅಲ್ಲೇ ತರಬೇತಿ ಪಡೆಯುತ್ತಿರುವ ನಮ್ಮವರು ಯಾರಾದರೂ ಇದ್ದಾರಾ ಅಂತ ಅವರ ಮೂಲಕವೇ ವಿಚಾರಿಸಿ. ಎರಡು ದಿನ, ಒಂದು ಸಲ ಹೇಳಿ, ಇನ್ನೊಂದು ಸಲ ಹೇಳದೇ ಹೋಗಿ ಓಡಿಸಲಿ. ಅವರ ಶುಲ್ಕವನ್ನು ನೀವೇ ಕೊಡಿ, ಮಾರುವವರಿಂದ ಕಮಿಷನ್ ತೆಗೆದುಕೊಳ್ಳುವುದಿಲ್ಲ ಅಂತ ಬರೆಸಿಕೊಳ್ಳಿ. ಎರಡೂ ಕಡೆ ಕಮಿಷನ್ ಪಡೆಯುವುದು ಈ ವ್ಯಾಪಾರದಲ್ಲಿ ಹಳೇ ರೋಗ.

ಇನ್ನು ಡಾಕ್ಟರ್. ಅವರು ಕಳಿಸುವ ಸರ್ಟಿಫಿಕೇಟ್ ಅವರ ಡಾಕ್ಟರದ್ದು. ಆ ಲಾಯಕ್ಕೆ ಯಾವತ್ತೂ ಚಿಕಿತ್ಸೆಗೆ ಹೋಗದ ವೈದ್ಯರನ್ನು ನೀವೇ ಗೊತ್ತುಮಾಡಿ, ಮಗು ಸವಾರಿ ಮಾಡುತ್ತದೆ, ಜಂಪಿಂಗ್‌ಗೆ ಬೇಕು, ಬಿಸಿ ದೇಶಕ್ಕೆ ಹೋಗುತ್ತದೆ ಅಂತ ಮೊದಲೇ ಹೇಳಿ. ಗಟ್ಟಿ ನೆಲದ ಮೇಲೆ ನೇರ ನಡೆಸಿ ನೋಡುತ್ತಾರೆ, ಒಂದೊಂದೇ ಕಾಲನ್ನು ಸುಮಾರು ಒಂದು ನಿಮಿಷ ಮಡಚಿ ಹಿಡಿದು ಬಿಟ್ಟ ತಕ್ಷಣ ಟ್ರಾಟ್ ಮಾಡಿಸುತ್ತಾರೆ, ಅಂದರೆ ನಿಧಾನವಾಗಿ ಓಡಿಸುತ್ತಾರೆ, ಮುಚ್ಚಿಟ್ಟ ಕುಂಟು ಆಗ ಹೊರಬರುತ್ತದೆ. ಗೊರಸಿನೊಳಗಿನ ನ್ಯಾವಿಕ್ಯುಲರ್ ಮೂಳೆ, ಹಿಂಗಾಲಿನ ಗಿಣ್ಣು, ಮಂಡಿ, ಬೆನ್ನುಮೂಳೆ, ಇಷ್ಟರ ಎಕ್ಸ್‌ರೇ ಬೇಕೇ ಬೇಕು. ಆ ಚಿತ್ರಗಳನ್ನು ಬೆಂಗಳೂರಿನ ಕುದುರೆ ವೈದ್ಯರಿಗೂ ತೋರಿಸಿ. ಪರೀಕ್ಷೆಯ ದಿನವೇ ರಕ್ತ ತೆಗೆಸಿ ಇಡಿಸಿ. ನೋವಿನ ಮಾತ್ರೆ, ಮಂಪರಿನ ಔಷಧ ಕೊಟ್ಟು ತೋರಿಸಿದ್ದಾರೆ ಅನ್ನುವ ಅನುಮಾನ ಆಮೇಲೆ ಬಂದರೆ ಆ ರಕ್ತ ಒಂದೇ ಸಾಕ್ಷಿ. ಕೊರಳಿನೊಳಗೆ ಹಾಕಿರುವ ಗುರುತಿನ ಮೈಕ್ರೊಚಿಪ್ ಸ್ಕ್ಯಾನ್ ಮಾಡಿ 15 ಅಂಕಿಯ ಸಂಖ್ಯೆ ಕುದುರೆಯ ಪಾಸ್‌ಪೋರ್ಟ್ (ಗುರುತಿನ ಪುಸ್ತಕ) ಜೊತೆ ತಾಳೆಯಾಗುತ್ತದಾ ನೋಡಬೇಕು. ಯಾವ ಕುದುರೆಯೂ ಪರೀಕ್ಷೆಯಲ್ಲಿ ನೂರಕ್ಕೆ ನೂರು ಬರುವುದಿಲ್ಲ, ಹಾರಾಡಿದ 9 ವರ್ಷದ ಕುದುರೆಯಲ್ಲಿ ಏನೋ ಒಂದು ಸಿಕ್ಕೇ ಸಿಗುತ್ತದೆ. ಆ ದೋಷವನ್ನು ನಿಭಾಯಿಸುವ ವೈದ್ಯರು, ಲಾಳ ಕಟ್ಟುವವರು ಕೊಡಗಿನಲ್ಲಿ ನಿಮಗೆ ಸಿಗುತ್ತಾರಾ ಅನ್ನುವುದು ಪ್ರಶ್ನೆ.

ಕಾಗದಪತ್ರ: ಕೇಂದ್ರ ಪಶುಸಂಗೋಪನಾ ಇಲಾಖೆಯ ಆಮದು ಪರವಾನಗಿ, ಅಲ್ಲಿ ಕ್ವಾರಂಟೈನ್, ರಕ್ತಪರೀಕ್ಷೆಗಳು, ಇಲ್ಲಿ ಇಳಿದ ಮೇಲೆ ಮತ್ತೆ ಕ್ವಾರಂಟೈನ್, ಸುಂಕ. ಇದನ್ನೇ ಕಸುಬು ಮಾಡಿಕೊಂಡ ಸಾಗಣೆದಾರರ ಹತ್ತಿರ ಪೂರ್ತಿ ಲೆಕ್ಕ ಬರೆಸಿಕೊಂಡು ಆಮೇಲೆ ಕುದುರೆಯ ಬೆಲೆ ಮಾತಾಡಿ. ಮನೆ ತಲುಪುವ ಹೊತ್ತಿಗೆ ಖರ್ಚು ದುಪ್ಪಟ್ಟಾದರೂ ಆಶ್ಚರ್ಯವಿಲ್ಲ. ವಿಮೆ ಕುದುರೆ ಅವರ ಗೇಟು ದಾಟುವ ಮೊದಲೇ ಶುರುವಾಗಬೇಕು.

ವಿಮಾನದ ಬಗ್ಗೆ ಒಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಕುದುರೆ ಮೇಯುವಾಗ ತಲೆ ಬಗ್ಗಿಸಿಕೊಂಡೇ ಇರುತ್ತದೆ ಅಲ್ವಾ, ಶ್ವಾಸನಾಳದ ಕಫ, ದೂಳು ಎಲ್ಲ ಹಾಗೇ ಹೊರಗೆ ಇಳಿಯುತ್ತದೆ. ಪ್ರಯಾಣದಲ್ಲಿ ತಲೆಯನ್ನು ಮೇಲೆ ಕಟ್ಟಿ ಗಂಟೆಗಟ್ಟಲೆ ನಿಲ್ಲಿಸಿದರೆ ಅದು ಇಳಿಯುವುದಿಲ್ಲ, ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ಎಷ್ಟೋ ಒಳ್ಳೆಯ ಕುದುರೆಗಳು ಹೀಗೇ ಸಾಯುತ್ತವೆ. ಅದಕ್ಕೆ ದಾರಿಯಲ್ಲಿ ತಲೆ ಬಗ್ಗಿಸಲು ಬಿಡಬೇಕು, ಇಳಿದ ಮೇಲೆ ಒಂದು ವಾರ ಬೆಳಿಗ್ಗೆ ಸಂಜೆ ಜ್ವರ ನೋಡಬೇಕು. ಮೇವು ಬಿಟ್ಟು ಮಂಕಾಗಿ ನಿಂತರೆ ಸುಸ್ತಾಗಿದೆ ಅಂತ ಸುಮ್ನೆ ಬಿಡಬೇಡಿ, ಅವತ್ತೇ ಡಾಕ್ಟರನ್ನು ಕರೆಸಿ.

ಈಗ ನಿಮ್ಮ ತೋಟ. ನೀವು ಇದರ ಬಗ್ಗೆ ಒಂದೇ ಸಾಲು ಬರೆದಿದ್ದೀರಿ, ನನಗೆ ಹೆಚ್ಚು ಚಿಂತೆ ಇರುವುದು ಇಲ್ಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ ಒಣಗುವುದೇ ಇಲ್ಲ. ಒದ್ದೆಯಲ್ಲೇ ನಿಂತ ಗೊರಸು ಕೊಳೆತು ನಾರುತ್ತದೆ, ಕಾಲಿನ ಚರ್ಮ ಒಡೆಯುತ್ತದೆ, ಬೆನ್ನ ಮೇಲೆ ಮಳೆಹುಣ್ಣು ಏಳುತ್ತದೆ. ಜಿಗಣೆ, ಉಣ್ಣೆ, ನೊರಜು ಬೇರೆ. ಮಳೆಗಾಲದಲ್ಲಿ ಹುಲ್ಲು ಬೂಷ್ಟು ಹಿಡಿಯುತ್ತದೆ. ಹಸು ಅದನ್ನು ಹೇಗೋ ಅರಗಿಸಿಕೊಂಡೀತು, ಕುದುರೆಗೆ ಹೊಟ್ಟೆಶೂಲೆ ಬರುತ್ತದೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ತಿಂದಿದ್ದು ಒಳಗೇ ಉಳಿಯುತ್ತದೆ, ಕರುಳು ತಿರುಚಿಕೊಂಡರೆ ಕೆಲವೇ ಗಂಟೆಗಳಲ್ಲಿ ಆಪರೇಷನ್ ಆಗಬೇಕು. ಗೋಣಿಕೊಪ್ಪದಿಂದ ಆ ಸೌಲಭ್ಯ ಇರುವ ಕಡೆಗೆ ರಾತ್ರಿ ಮಳೆಯಲ್ಲಿ ಲಾರಿ ಎಷ್ಟು ಹೊತ್ತಿಗೆ ತಲುಪುತ್ತದೆ, ನೀವೇ ಲೆಕ್ಕ ಹಾಕಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಎಷ್ಟು ರಸ್ತೆ ಮುಚ್ಚಿದ್ದವು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಬೇಲಿ ಸಾಲಿನಲ್ಲಿ ಕಣಗಿಲೆ ಇದ್ದರೆ ಬೇರು ಸಮೇತ ತೆಗೆಸಿ, ಕೆಲವೇ ಎಲೆ ತಿಂದರೂ ಕುದುರೆ ಸಾಯಬಹುದು. ಲಾಂಟಾನವೂ ವಿಷವೇ. ಭತ್ತದ ಹುಲ್ಲನ್ನೇ ಮುಖ್ಯ ಮೇವು ಮಾಡಬೇಡಿ. ಧನುರ್ವಾಯು ಮತ್ತು ರೇಬೀಸ್ ಲಸಿಕೆ ತಪ್ಪಿಸಬೇಡಿ. ಇನ್ನು ರಾತ್ರಿ ಆನೆ ತೋಟಕ್ಕೆ ನುಗ್ಗಿದರೆ? ನಿಮ್ಮ ನಾಯಿಗೆ ಅದು ಅಭ್ಯಾಸ. ಹಾಲೆಂಡಿನಲ್ಲಿ ಹುಟ್ಟಿದ ಕುದುರೆ ಬಾಗಿಲು ಮುರಿದುಕೊಂಡು ಓಡುತ್ತದೆ. ಅದಕ್ಕೆ ಒಂಟಿಯಾಗಿ ಇರಲೂ ಆಗುವುದಿಲ್ಲ, ಜೊತೆಗೆ ಇನ್ನೊಂದು ಕುದುರೆ ಬೇಕು.

ನನ್ನನ್ನು ಕೇಳಿದರೆ, ಮೊದಲ ಕುದುರೆಯನ್ನು ಇಲ್ಲೇ ತೆಗೆದುಕೊಳ್ಳಿ. ಮೈಸೂರು, ಬೆಂಗಳೂರಿನಲ್ಲಿ ರೇಸ್ ಬಿಟ್ಟ ಥರೊಬ್ರೆಡ್‌ಗಳಿಗೆ ಮತ್ತೆ ತರಬೇತಿ ಕೊಟ್ಟು ಜಂಪಿಂಗ್ ಕಲಿಸಿದವರು ಇದ್ದಾರೆ. ರೇಸಿನಿಂದ ಆಗಷ್ಟೇ ಬಂದದ್ದು ಬೇಡ, ಮಕ್ಕಳನ್ನು ಹೊತ್ತು ಪಳಗಿದ್ದು ನೋಡಿ. ರೈಡಿಂಗ್ ಸ್ಕೂಲುಗಳಲ್ಲಿ ಈಗಾಗಲೇ ಆಮದಾಗಿ ನಮ್ಮ ಹವೆಗೆ ಒಗ್ಗಿದ ವಾರ್ಮ್‌ಬ್ಲಡ್‌ಗಳೂ ಆಗಾಗ ಮಾರಾಟಕ್ಕೆ ಬರುತ್ತವೆ. ಮಗಳು ಒಂದು ತಿಂಗಳು ಓಡಿಸಿ ನೋಡಬಹುದು. ಬಿದ್ದರೆ, ಹೆದರಿದರೆ, ಬೇಡ ಅನ್ನಬಹುದು. ಮಳೆಗಾಲ ಪೂರ್ತಿ ಕುದುರೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರಲಿ, ನವೆಂಬರ್ ಆದಮೇಲೆ ತೋಟಕ್ಕೆ ಬರಲಿ. ಅವಳು ಆ ಡಚ್ ಕುದುರೆಯ ವಿಡಿಯೊ ನೋಡಿ ಆಸೆಪಟ್ಟಿದ್ದಾಳೆ, ಗೊತ್ತು, ಬೇಸರ ಮಾಡಿಕೊಳ್ಳುತ್ತಾಳೆ. ಆದರೆ ತನಗೆ ಹೊಂದದ ದೊಡ್ಡ ಕುದುರೆಯ ಮೇಲೆ ಒಂದು ಸಲ ಧೈರ್ಯ ಕಳೆದುಕೊಂಡ ಮಕ್ಕಳು ಸವಾರಿಯನ್ನೇ ಬಿಡುತ್ತಾರೆ, ಆ ನಷ್ಟಕ್ಕೆ ಯಾವ ವಿಮೆಯೂ ಇಲ್ಲ.

ಪ್ರಶ್ನೆ: ಮಡಿಕೇರಿ ಹತ್ತಿರ ನಮ್ಮ ಹೋಂಸ್ಟೇ ಇದೆ. ಬಂದವರು ಫೋಟೊ ತೆಗೆಸಿಕೊಳ್ಳಲಿ ಅಂತ ಉದ್ದ ಕೂದಲಿನ ಕಪ್ಪು ಫ್ರೀಸಿಯನ್ ಕುದುರೆ ತರಿಸುವ ಯೋಚನೆ. ಸವಾರಿ ಮಾಡಿಸುವುದಿಲ್ಲವಾದ್ದರಿಂದ ಓಡಿಸಿ ನೋಡುವ ಅಗತ್ಯ ಇಲ್ಲ ಅಲ್ವಾ?

ಉತ್ತರ: ದಯವಿಟ್ಟು ಬೇಡ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರಿಗೆ ಗೊರಸಿನವರೆಗೂ ಕೂದಲಿಳಿದ ಕುದುರೆ! ಆ ಕೂದಲು ಕೆಸರು ಹಿಡಿದು ವಾರಗಟ್ಟಲೆ ಒಣಗುವುದಿಲ್ಲ, ಅದರ ಕೆಳಗೆ ಚರ್ಮ ಕೊಳೆಯುತ್ತದೆ. ಫ್ರೀಸಿಯನ್ ತಳಿಗೆ ಸೆಕೆ ತಡೆಯುವುದು ಕಷ್ಟ, ನೊರಜು ಕಚ್ಚಿದರೆ ಅಲರ್ಜಿಯೂ ಜಾಸ್ತಿ, ಮೈ ಉಜ್ಜಿ ಉಜ್ಜಿ ನೀವು ಆಸೆಪಟ್ಟ ಆ ಕೇಸರವನ್ನೇ ಕಳೆದುಕೊಳ್ಳುತ್ತದೆ. ಚಿಕ್ಕ ಗುಂಪಿನಿಂದ ಬೆಳೆಸಿದ ತಳಿಯಾದ್ದರಿಂದ ಹುಟ್ಟಿನಿಂದ ಬರುವ ಕಾಯಿಲೆಗಳೂ ಇವೆ, ಅನ್ನನಾಳ ಹಿಗ್ಗುವುದು, ಮಹಾಧಮನಿ ಒಡೆಯುವುದು. ಐಸ್‌ಲ್ಯಾಂಡಿನ ಕುದುರೆಗಳ ಕಥೆ ಕೇಳಿ: ಹೊರದೇಶಕ್ಕೆ ಹೋದ ಎಷ್ಟೋ ಕುದುರೆಗಳಿಗೆ ಇದೇ ಕೀಟದ ಅಲರ್ಜಿ ಬರುತ್ತದೆ, ಒಮ್ಮೆ ದೇಶ ಬಿಟ್ಟ ಕುದುರೆಯನ್ನು ಐಸ್‌ಲ್ಯಾಂಡ್ ಮತ್ತೆ ಒಳಗೆ ಬಿಡುವುದಿಲ್ಲ, ಅದು ಅಲ್ಲಿನ ಕಾನೂನು. ದಿನವಿಡೀ ಅಪರಿಚಿತರು ಮುಟ್ಟುವ, ವ್ಯಾಯಾಮ ಇಲ್ಲದ ಬದುಕು ಯಾವ ಕುದುರೆಗೂ ಒಳ್ಳೆಯದಲ್ಲ. ನಿಮ್ಮ ಅತಿಥಿಗಳಿಗೆ ಮಂಜು ಇದೆ, ಬೆಟ್ಟ ಇದೆ, ಕಾಫಿ ಹೂವಿದೆ.

ಪ್ರಶ್ನೆ: ಕುಶಾಲನಗರದಿಂದ ಬರೆಯುತ್ತಿದ್ದೇನೆ. ಇಂಟರ್‌ನೆಟ್‌ನಲ್ಲಿ ಕುದುರೆಯ ಜಾಹೀರಾತು ನೋಡಿ ವಿದೇಶದ ಒಬ್ಬರಿಗೆ ಮುಂಗಡ ಕಳಿಸಿಬಿಟ್ಟೆ. ಬೆಲೆ ತುಂಬಾ ಕಡಿಮೆ ಇತ್ತು, ಕುದುರೆಯ ಯಜಮಾನ ತೀರಿಕೊಂಡಿದ್ದಾರೆ, ಒಳ್ಳೆ ಮನೆ ಸಿಕ್ಕರೆ ಸಾಕು ಅಂದರು. ಈಗ ಸಾಗಣೆಯ ಪೆಟ್ಟಿಗೆಗೆ, ವಿಮೆಗೆ ಅಂತ ಮತ್ತೆ ಮತ್ತೆ ಕೇಳುತ್ತಿದ್ದಾರೆ. ಆ ಹಣ ಆಮೇಲೆ ವಾಪಸ್ ಬರುತ್ತದಂತೆ.

ಉತ್ತರ: ಇನ್ನೊಂದು ರೂಪಾಯಿ ಕಳಿಸಬೇಡಿ. ಆ ಕುದುರೆಯೇ ಅವರ ಹತ್ತಿರ ಇಲ್ಲ ಅಂತ ನನ್ನ ಅನುಮಾನ, ಬೇರೆ ಯಾರದ್ದೋ ಫೋಟೊ ಕದ್ದು ಹಾಕಿ, ಸಾವಿನ ಕಥೆ ಹೇಳಿ, ಸಾಗಣೆಯ ಹೆಸರಲ್ಲಿ ಹಿಂಡುವುದು ಇಂಥವರ ಮಾಮೂಲಿ ದಾರಿ. ಇವತ್ತೇ 1930ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ಅದು ಸೈಬರ್ ವಂಚನೆಯ ಸಹಾಯವಾಣಿ, ಬೇಗ ಹೇಳಿದಷ್ಟೂ ಹಣ ತಡೆಯುವ ಸಾಧ್ಯತೆ ಹೆಚ್ಚು. ಬ್ಯಾಂಕಿಗೂ ಬರೆದು ಕೊಡಿ. ಮಾತುಕತೆ, ರಸೀದಿ, ಫೋಟೊ ಯಾವುದನ್ನೂ ಅಳಿಸಬೇಡಿ. ನಾಚಿಕೆ ಪಟ್ಟುಕೊಂಡು ಮನೆಯವರಿಂದ ಮುಚ್ಚಿಡಬೇಡಿ, ಕುದುರೆಯ ಮೇಲಿನ ಪ್ರೀತಿಯನ್ನೇ ಹಿಡಿದು ಮೋಸ ಮಾಡಿದ್ದಾರೆ, ತಪ್ಪು ಅವರದ್ದು. ಇನ್ನೂ ನಂಬಿಕೆ ಉಳಿದಿದ್ದರೆ ಅವರಿಗೆ ಒಂದೇ ಒಂದು ಮೆಸೇಜ್ ಹಾಕಿ: ಈಗಲೇ ವಿಡಿಯೊ ಕಾಲ್ ಮಾಡಿ, ಕುದುರೆಯ ಕೊರಳಿಗೆ ಸ್ಕ್ಯಾನರ್ ಹಿಡಿದು ಚಿಪ್ ಸಂಖ್ಯೆ ತೋರಿಸಿ, ಪಕ್ಕದಲ್ಲೇ ಪಾಸ್‌ಪೋರ್ಟ್ ಬಿಚ್ಚಿ ಹಿಡಿಯಿರಿ ಅಂತ. ನಿಜವಾಗಿ ಕುದುರೆ ಇರುವವರಿಗೆ ಅದು ಐದು ನಿಮಿಷದ ಕೆಲಸ.